ವಾದದಲ್ಲಿ ಹೇಳದೆ ಉಳಿದದ್ದು

ನಾಲ್ಕೈದು ವಾಕ್ಯಗಳ ಒಂದು ವಾದವನ್ನು ಮುಂದಿಟ್ಟು, ಅದು ಎಲ್ಲಿ ಸಡಿಲವಾಗಿದೆ ಎಂದು ಗುರುತಿಸುವಂತೆ ಕೇಳುವ ಪ್ರಶ್ನೆಗಳು ಕಾನೂನು ಮತ್ತು ವ್ಯವಹಾರ ನಿರ್ವಹಣೆಯ ಪ್ರವೇಶ ಪರೀಕ್ಷೆಗಳಲ್ಲಿ ಖಾಯಂ ಸ್ಥಾನ ಪಡೆದಿವೆ. ಈ ಬಗೆಯ ಪ್ರಶ್ನೆಗಳಿಗೆ ಹೆಚ್ಚು ಹೆಸರಾದದ್ದು ಅಮೆರಿಕದ ಕಾನೂನು ಕಾಲೇಜುಗಳು ಪ್ರವೇಶಕ್ಕಾಗಿ ಬಳಸುವ, 1948 ರಲ್ಲಿ ಆರಂಭವಾದ ಎಲ್‌ಸ್ಯಾಟ್ ಪರೀಕ್ಷೆ. ಅದರ ಒಂದು ತಾರ್ಕಿಕ ವಿಭಾಗದಲ್ಲಿ 35 ನಿಮಿಷಗಳಿಗೆ ಸುಮಾರು 25 ಪ್ರಶ್ನೆಗಳಿರುವುದರಿಂದ, ವಾದವನ್ನು ಓದಿ, ಐದು ಆಯ್ಕೆಗಳನ್ನು ತೂಗಿ, ಒಂದನ್ನು ಆರಿಸಲು ಅಭ್ಯರ್ಥಿಗೆ ಪ್ರಶ್ನೆಯೊಂದಕ್ಕೆ ಒಂದೂವರೆ ನಿಮಿಷವೂ ಸಿಗುವುದಿಲ್ಲ. ಚಿತ್ರ ಬರೆದುಕೊಂಡು ಬಿಡಿಸಬೇಕಾಗಿದ್ದ, ಒಗಟಿನಂಥ ಇನ್ನೊಂದು ವಿಭಾಗವು ಅಂಧ ಅಭ್ಯರ್ಥಿಗಳಿಗೆ ಅನ್ಯಾಯ ಮಾಡುತ್ತದೆ ಎಂಬ ದಾವೆ 2019 ರಲ್ಲಿ ರಾಜಿಯಲ್ಲಿ ಮುಗಿಯಿತು; ಆ ಬಳಿಕ 2024 ರ ಆಗಸ್ಟ್‌ನಿಂದ ಆ ವಿಭಾಗವನ್ನೇ ಕೈಬಿಟ್ಟು, ಅದರ ಜಾಗಕ್ಕೆ ಮತ್ತೊಂದು ತಾರ್ಕಿಕ ವಿಭಾಗವನ್ನು ತರಲಾಯಿತು. ಹೀಗಾಗಿ ಅಂಕಗಳಿಗೆ ಲೆಕ್ಕವಾಗುವ ಮೂರು ವಿಭಾಗಗಳಲ್ಲಿ ಎರಡು ಈಗ ವಾದಗಳ ಪರಿಶೀಲನೆಗೇ ಮೀಸಲಾಗಿವೆ.

ಭಾರತದಲ್ಲಿ ಇದಕ್ಕೆ ಹತ್ತಿರವಾದದ್ದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲಾಟ್. 2008 ರಲ್ಲಿ ಮೊದಲ ಬಾರಿಗೆ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಅದನ್ನು ನಡೆಸಿಕೊಟ್ಟಿತು. 2020 ರವರೆಗೆ ಬಿಡಿ ಬಿಡಿ ಪ್ರಶ್ನೆಗಳಲ್ಲಿ ನಡೆಯುತ್ತಿದ್ದ ಪರೀಕ್ಷೆ ಆ ವರ್ಷ ಗದ್ಯಭಾಗಗಳನ್ನು ಆಧರಿಸಿದ ಮಾದರಿಗೆ ಬದಲಾಯಿತು. ಸರಣಿ, ರಕ್ತಸಂಬಂಧ, ದಿಕ್ಕು ಮುಂತಾದ ಲೆಕ್ಕಗಳ ಜಾಗದಲ್ಲಿ ಲೇಖಕನ ವಾದವೇನು, ಅದು ಯಾವುದರ ಮೇಲೆ ನಿಂತಿದೆ, ಯಾವ ಸಂಗತಿ ತಿಳಿದುಬಂದರೆ ಅದು ಕುಸಿಯುತ್ತದೆ ಎಂಬ ಪ್ರಶ್ನೆಗಳು ಬಂದವು. ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳಿರುವ ಈಗಿನ ಪತ್ರಿಕೆಯಲ್ಲಿ ಸುಮಾರು ಐದನೇ ಒಂದು ಭಾಗ ಇಂಥ ಪ್ರಶ್ನೆಗಳಿರುವ ತಾರ್ಕಿಕ ವಿಭಾಗದ್ದಾಗಿದ್ದು, ಪ್ರತಿ ತಪ್ಪು ಉತ್ತರಕ್ಕೂ ಕಾಲು ಅಂಕ ಕಡಿತವಾಗುತ್ತದೆ. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ ನಡೆಯುವುದರಿಂದ, ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿ ತರ್ಕವನ್ನು ಮುಟ್ಟುವ ಮೊದಲೇ ಭಾಷೆಯ ತಡೆಯನ್ನು ದಾಟಬೇಕಾಗುತ್ತದೆ. ತರ್ಕಶಕ್ತಿಯನ್ನು ಅಳೆಯುವುದಾಗಿ ಹೇಳಿಕೊಳ್ಳುವ ಪರೀಕ್ಷೆಯಲ್ಲಿ ಇದು ಸಣ್ಣ ಕೊರತೆಯೇನೂ ಅಲ್ಲ. ಕೇಂದ್ರ ಲೋಕಸೇವಾ ಆಯೋಗವು 2011 ರಲ್ಲಿ ಪೂರ್ವಭಾವಿ ಪರೀಕ್ಷೆಗೆ ಸೇರಿಸಿದ ಸಿಸ್ಯಾಟ್ ಪತ್ರಿಕೆಯಲ್ಲಿಯೂ ಇದೇ ಜಾತಿಯ ಪ್ರಶ್ನೆಗಳು ಬರುತ್ತವೆ.

ವಾದ ಎಂಬ ಮಾತಿಗೆ ಈ ಪರೀಕ್ಷೆಗಳಲ್ಲಿ ಜಗಳ ಅಥವಾ ಚರ್ಚೆ ಎಂಬ ಅರ್ಥವಿಲ್ಲ. ಒಂದು ಅಭಿಪ್ರಾಯವನ್ನು ಒಪ್ಪಿಸುವುದಕ್ಕಾಗಿ ಕೆಲವು ಸಂಗತಿಗಳನ್ನು ಮುಂದಿಡುವ ಮಾತುಗಳ ಜೋಡಣೆಯೇ ವಾದ; ಒಪ್ಪಿಸಬೇಕಾದ ಅಭಿಪ್ರಾಯಕ್ಕೆ ತೀರ್ಮಾನ ಎಂದೂ, ಅದಕ್ಕಾಗಿ ಮುಂದಿಟ್ಟ ಸಂಗತಿಗಳಿಗೆ ಆಧಾರಗಳು ಎಂದೂ ಹೆಸರು. ಇವೆರಡೂ ಬರಹದಲ್ಲಿ ಕಾಣಿಸುತ್ತವೆ. ಕಾಣಿಸದೆ ಇರುವ ಮೂರನೆಯದೊಂದಿದೆ: ಆಧಾರದಿಂದ ತೀರ್ಮಾನಕ್ಕೆ ಸಾಗಲು ವಾದಿ ತನಗೆ ಅರಿವಿಲ್ಲದೆಯೋ ಅಥವಾ ಅರಿತೂ ಹೇಳದೆಯೋ ನಂಬಿಕೊಂಡಿರುವ ಸಂಗತಿ. ಇದನ್ನು ಗೃಹೀತ ಎನ್ನಬಹುದು. ಬ್ರಿಟಿಷ್ ತತ್ತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958 ರಲ್ಲಿ ಪ್ರಕಟಿಸಿದ ವಾದಗಳ ಬಳಕೆಯನ್ನು ಕುರಿತ ಗ್ರಂಥದಲ್ಲಿ, ದಿನಬಳಕೆಯ ವಾದಗಳು ಆಧಾರದಿಂದ ತೀರ್ಮಾನಕ್ಕೆ ಹೋಗಲು ಬೇಕಾದ ಅಧಿಕಾರವನ್ನು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ, ಆಕ್ಷೇಪ ಬಂದಾಗಲಷ್ಟೇ ಹೊರಗೆ ತೆಗೆಯುತ್ತವೆ ಎಂದು ತೋರಿಸಿದ್ದು ಈ ಮೂರನೆಯ ಭಾಗವನ್ನು ಕುರಿತೇ. ಪರೀಕ್ಷೆಯ ಪ್ರಶ್ನೆಯೂ ಅಂಥ ಆಕ್ಷೇಪವೇ.

ಹೊಸ ಅಭ್ಯರ್ಥಿ ಸಾಮಾನ್ಯವಾಗಿ ಎಡವುವುದು ಆಕ್ಷೇಪವನ್ನು ಎಲ್ಲಿಗೆ ಗುರಿಯಿಡಬೇಕು ಎಂಬಲ್ಲಿ. ತೀರ್ಮಾನ ತಪ್ಪು ಎಂದು ತೋರಿಸುವ ಆಯ್ಕೆಯನ್ನೋ, ಆಧಾರವೇ ಸುಳ್ಳು ಎಂದು ಹೇಳುವ ಆಯ್ಕೆಯನ್ನೋ ಹುಡುಕುವುದು ಮನಸ್ಸಿಗೆ ಸಹಜ, ಏಕೆಂದರೆ ಮನೆ ಮತ್ತು ಬೀದಿಯ ಚರ್ಚೆಗಳೆಲ್ಲ ಹೀಗೆಯೇ ನಡೆಯುತ್ತವೆ. ಪರೀಕ್ಷೆಯ ಕಟ್ಟಳೆ ಬೇರೆ. ಅಲ್ಲಿ ಆಧಾರಗಳನ್ನು ನಿಜವೆಂದೇ ಒಪ್ಪಿಕೊಳ್ಳಬೇಕು. ತೀರ್ಮಾನ ನಿಜವೋ ಸುಳ್ಳೋ ಎಂಬ ಪ್ರಶ್ನೆಯನ್ನು ಬದಿಗಿಡಬೇಕು. ಆ ಆಧಾರಗಳಿಂದ ಆ ತೀರ್ಮಾನ ಬರುತ್ತದೆಯೇ ಎಂಬುದನ್ನು ಮಾತ್ರ ನೋಡಬೇಕು. ಆಯ್ಕೆಗಳ ವಿಷಯದಲ್ಲಿಯೂ ಕಟ್ಟಳೆಯೊಂದಿದೆ. ‘ಕೆಳಗಿನವುಗಳಲ್ಲಿ ಯಾವುದು ನಿಜವಾದರೆ ಈ ವಾದ ಹೆಚ್ಚು ದುರ್ಬಲವಾಗುತ್ತದೆ’ ಎಂಬ ಪ್ರಶ್ನೆಯಲ್ಲಿ ‘ನಿಜವಾದರೆ’ ಎಂಬ ಮಾತು, ಆಯ್ಕೆಯಲ್ಲಿ ಹೇಳಿದ್ದು ಲೋಕದಲ್ಲಿ ನಿಜವೇ ಎಂದು ಯೋಚಿಸುವ ಹೊಣೆಯಿಂದ ಓದುಗನನ್ನು ಬಿಡಿಸುತ್ತದೆ.

ಈ ಮಾತುಗಳು ಬರಿಯ ವ್ಯಾಖ್ಯೆಗಳಾಗಿ ಉಳಿಯದಂತೆ ಒಂದು ನಿಜ ಸಂದರ್ಭವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯವು 1990 ರ ಜುಲೈ 1 ರಿಂದ ಎಲ್ಲ ವಯಸ್ಸಿನ ಸೈಕಲ್ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಮಾಡಿತು. ಜಗತ್ತಿನಲ್ಲಿ ಇಂಥ ಕಾಯಿದೆ ತಂದ ಮೊದಲ ಸರ್ಕಾರ ಅದೇ. ಕಾಯಿದೆ ಬಂದ ಮೇಲೆ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರುವ ಸೈಕಲ್ ಸವಾರರ ಸಂಖ್ಯೆ ಇಳಿಯಿತು. ಇದರಿಂದ ಹುಟ್ಟುವ ಸರಳ ವಾದ ಹೀಗಿದೆ: ಹೆಲ್ಮೆಟ್ ಕಡ್ಡಾಯವಾದ ನಂತರ ತಲೆಗಾಯದ ಪ್ರಕರಣಗಳು ಕಡಿಮೆಯಾದವು, ಆದ್ದರಿಂದ ಹೆಲ್ಮೆಟ್ ಧರಿಸಿದ್ದೇ ಸವಾರರ ತಲೆಗಳನ್ನು ಉಳಿಸಿತು. ಈ ವಾದವನ್ನು ದುರ್ಬಲಗೊಳಿಸುವ ಸಂಗತಿ ಯಾವುದು ಎಂದು ಕೇಳಿ, ಪ್ರಶ್ನೆ ರಚಿಸುವವರು ಐದು ಆಯ್ಕೆಗಳನ್ನು ಕೊಟ್ಟಿದ್ದಾರೆ ಎಂದುಕೊಳ್ಳಬಹುದು. ಹೆಲ್ಮೆಟ್ ಹಾಕಿಕೊಂಡರೆ ಸೆಕೆ ಎಂದು ಹಲವರು ದೂರಿದರು ಎಂಬುದು ಮೊದಲನೆಯದು. ಅದೇ ಅವಧಿಯಲ್ಲಿ ಸೈಕಲ್ ತುಳಿಯುವವರ ಸಂಖ್ಯೆಯೇ ಗಣನೀಯವಾಗಿ ಇಳಿಯಿತು ಎಂಬುದು ಎರಡನೆಯದು. ಹೆಲ್ಮೆಟ್ ಕೈಕಾಲುಗಳ ಗಾಯವನ್ನು ತಡೆಯಲಾರದು ಎಂಬುದು ಮೂರನೆಯದು. ಕಾಯಿದೆ ಇಲ್ಲದ ನೆರೆರಾಜ್ಯದಲ್ಲಿ ತಲೆಗಾಯಗಳು ಕಡಿಮೆಯಾಗಲಿಲ್ಲ ಎಂಬುದು ನಾಲ್ಕನೆಯದು. ಎಲ್ಲ ಸವಾರರೂ ಕಾಯಿದೆಯನ್ನು ಪಾಲಿಸಲಿಲ್ಲ ಎಂಬುದು ಐದನೆಯದು.

ಮೊದಲನೆಯದು ಹೆಲ್ಮೆಟ್ಟಿನ ವಿರುದ್ಧದ ಮಾತಾದ್ದರಿಂದ ವಾದದ ವಿರುದ್ಧದ ಮಾತೆಂದೂ ತೋರುತ್ತದೆ, ಆದರೆ ಸೆಕೆಗೂ ತಲೆಯ ರಕ್ಷಣೆಗೂ ಸಂಬಂಧವಿಲ್ಲ. ನಾಲ್ಕನೆಯದು ವಾದಕ್ಕೆ ಬಲವನ್ನೇ ಕೊಡುತ್ತದೆ. ಅವಸರದಲ್ಲಿ ಓದುವವನು ‘ಕಡಿಮೆಯಾಗಲಿಲ್ಲ’ ಎಂಬ ನಿಷೇಧವನ್ನಷ್ಟೇ ಕಂಡು ಅದನ್ನು ಆರಿಸಲಿ ಎಂದೇ ಅದನ್ನು ಅಲ್ಲಿ ಇಡಲಾಗಿದೆ. ಐದನೆಯದು ಹೆಚ್ಚು ಮೋಸದ್ದು. ಪಾಲನೆ ಅರೆಬರೆಯಾಗಿತ್ತು ಎಂದರೆ ಕಾಯಿದೆ ವಿಫಲವಾಯಿತು ಎಂಬ ಭಾವನೆ ಮೂಡುತ್ತದೆ. ಆದರೆ ಹೆಲ್ಮೆಟ್ ಧರಿಸುವವರು ಮೊದಲಿಗಿಂತ ಹೆಚ್ಚಾಗಿದ್ದರೆ ಸಾಕು, ಎಲ್ಲರೂ ಧರಿಸಿದರು ಎಂದು ವಾದ ಎಲ್ಲಿಯೂ ಹೇಳಿಕೊಂಡಿಲ್ಲ. ಮೂರನೆಯ ಆಯ್ಕೆ ಸಂಗತವಲ್ಲದಿದ್ದರೂ ಸರಿಯುತ್ತರದ ಪಕ್ಕದಲ್ಲಿಯೇ ನಿಂತಿದೆ. ಅದನ್ನು ಸ್ವಲ್ಪ ತಿದ್ದಿ, ಕೈಕಾಲು ಗಾಯದ ಪ್ರಕರಣಗಳೂ ಅದೇ ಅವಧಿಯಲ್ಲಿ ಅಷ್ಟೇ ಪ್ರಮಾಣದಲ್ಲಿ ಇಳಿದವು ಎಂದರೆ ವಾದಕ್ಕೆ ಭಾರೀ ಪೆಟ್ಟು ಬೀಳುತ್ತದೆ, ಏಕೆಂದರೆ ಕೈಕಾಲನ್ನು ಕಾಯದ ಹೆಲ್ಮೆಟ್ ಕೈಕಾಲಿನ ಗಾಯಗಳನ್ನು ಕಡಿಮೆ ಮಾಡಿರಲಾರದು. ಎರಡನ್ನೂ ಒಟ್ಟಿಗೆ ಇಳಿಸಿದ ಬೇರೊಂದು ಕಾರಣ ಇರಲೇಬೇಕಾಗುತ್ತದೆ. ವಸ್ತುವಿನ ಗುಣವನ್ನು ಹೇಳುವ ವಾಕ್ಯಕ್ಕೂ, ಹೋಲಿಕೆಗೆ ಬೇಕಾದ ಅಂಕಿಯನ್ನು ಒದಗಿಸುವ ವಾಕ್ಯಕ್ಕೂ ಇರುವ ಈ ಅಂತರವನ್ನು ಗುರುತಿಸುವುದೇ ಈ ಪರೀಕ್ಷೆಗಳು ಬಯಸುವ ಕೌಶಲದ ದೊಡ್ಡ ಪಾಲು.

ಎರಡನೆಯ ಆಯ್ಕೆ ಸರಿಯುತ್ತರ. ಅದು ಕಲ್ಪನೆಯೂ ಅಲ್ಲ: ಮೆಲ್ಬರ್ನ್ ನಗರದಲ್ಲಿ ಕಾಯಿದೆಯ ಹಿಂದೆಮುಂದೆ ನಡೆದ ಎಣಿಕೆಗಳಲ್ಲಿ ಸೈಕಲ್ ಸವಾರರ ಸಂಖ್ಯೆ, ಅದರಲ್ಲಿಯೂ ಹದಿಹರೆಯದವರದು, ಎದ್ದು ಕಾಣುವಂತೆ ಇಳಿದಿತ್ತು. ಸವಾರರೇ ಕಡಿಮೆಯಾದರೆ ಗಾಯಾಳುಗಳು ಕಡಿಮೆಯಾಗುವುದಕ್ಕೆ ಹೆಲ್ಮೆಟ್ಟಿನ ನೆರವು ಬೇಕಿಲ್ಲ. ಅದೇ ವರ್ಷಗಳಲ್ಲಿ ವಿಕ್ಟೋರಿಯ ವೇಗ ಪತ್ತೆಯ ಕ್ಯಾಮರಾಗಳನ್ನೂ ಕುಡಿದು ವಾಹನ ಓಡಿಸುವವರ ತಪಾಸಣೆಯನ್ನೂ ಬಿಗಿಗೊಳಿಸಿದ್ದರಿಂದ, ರಸ್ತೆಗಳೇ ಮೊದಲಿಗಿಂತ ಸುರಕ್ಷಿತವಾಗಿರುವ ಸಾಧ್ಯತೆಯೂ ಇತ್ತು. ಹಾಗೆಂದ ಮಾತ್ರಕ್ಕೆ ಹೆಲ್ಮೆಟ್ ನಿಷ್ಪ್ರಯೋಜಕ ಎಂದಾಗುವುದಿಲ್ಲ. ಅಪಘಾತಕ್ಕೆ ಸಿಕ್ಕವರಲ್ಲಿ ಹೆಲ್ಮೆಟ್ ಧರಿಸಿದ್ದವರನ್ನೂ ಧರಿಸದವರನ್ನೂ ಹೋಲಿಸಿದ ಅಧ್ಯಯನಗಳು ಅದು ತಲೆಯನ್ನು ಕಾಯುತ್ತದೆ ಎಂದೇ ಹೇಳುತ್ತವೆ. ತೀರ್ಮಾನ ನಿಜವಾಗಿದ್ದೂ ಅದನ್ನು ತಲಪಿಸಿದ ವಾದ ದುರ್ಬಲವಾಗಿರಬಹುದು. ಹೆಲ್ಮೆಟ್ಟಿನ ಪರವಾಗಿರುವ ಅಭ್ಯರ್ಥಿಗೆ ಎರಡನೆಯ ಆಯ್ಕೆಯನ್ನು ಗುರುತಿಸಲು ಮನಸ್ಸು ಹಿಂಜರಿಯುತ್ತದೆ, ವಿರುದ್ಧವಾಗಿರುವವನಿಗೆ ಮೊದಲನೆಯದೂ ಸಾಲುತ್ತದೆ. ಇಬ್ಬರೂ ವಾದವನ್ನು ಬಿಟ್ಟು ತೀರ್ಮಾನವನ್ನು ಓದಿದವರೇ.

ಗೃಹೀತವನ್ನು ಹಿಡಿಯಲು ಬಳಕೆಯಲ್ಲಿರುವ ಒಂದು ಉಪಾಯವೆಂದರೆ ನಿಷೇಧದ ಪರೀಕ್ಷೆ. ಗೃಹೀತವೆಂದು ಅನುಮಾನವಿರುವ ಮಾತನ್ನು ತಿರುಗಿಸಿ, ಅದು ಹಾಗಲ್ಲ ಎಂದು ಇಟ್ಟುಕೊಂಡು ವಾದವನ್ನು ಮತ್ತೆ ಓದಬೇಕು. ವಾದ ಕುಸಿದರೆ ಆ ಮಾತು ನಿಜಕ್ಕೂ ಅದರ ಗೃಹೀತ, ಕುಸಿಯದಿದ್ದರೆ ಅಲ್ಲ. ‘ಸವಾರರ ಸಂಖ್ಯೆ ಹೆಚ್ಚು ಬದಲಾಗಲಿಲ್ಲ’ ಎಂಬುದನ್ನು ತಿರುಗಿಸಿದರೆ ಹೆಲ್ಮೆಟ್ ವಾದ ನೆಲಕಚ್ಚುತ್ತದೆ. ‘ಸವಾರರ ಸುರಕ್ಷತೆಗೆ ಹೆಲ್ಮೆಟ್ಟೇ ಎಲ್ಲಕ್ಕಿಂತ ಉತ್ತಮ ಉಪಾಯ’ ಎಂಬುದನ್ನು ತಿರುಗಿಸಿದರೆ ವಾದಕ್ಕೆ ಏನೂ ಆಗುವುದಿಲ್ಲ, ಏಕೆಂದರೆ ಎರಡನೆಯ ಉತ್ತಮ ಉಪಾಯವೂ ತಲೆಗಳನ್ನು ಉಳಿಸಬಲ್ಲುದು. ಪ್ರಶ್ನೆಪತ್ರಿಕೆಗಳಲ್ಲಿ ಗೃಹೀತವನ್ನು ಗುರುತಿಸಿ, ವಾದವನ್ನು ಬಲಪಡಿಸಿ, ದುರ್ಬಲಗೊಳಿಸಿ, ಅದರ ದೋಷವನ್ನು ಹೇಳಿ ಎಂದು ನಾಲ್ಕು ಬಗೆಯಾಗಿ ಕಾಣುವ ಪ್ರಶ್ನೆಗಳ ಬೇರು ಒಂದೇ. ಗೃಹೀತ ಸಿಕ್ಕಿದರೆ ಮೊದಲನೆಯದಕ್ಕೆ ಅದೇ ಉತ್ತರ, ಅದನ್ನು ಸಮರ್ಥಿಸುವ ಸಂಗತಿ ಎರಡನೆಯದಕ್ಕೆ, ಅದನ್ನು ಅಲ್ಲಗಳೆಯುವ ಸಂಗತಿ ಮೂರನೆಯದಕ್ಕೆ. ನಾಲ್ಕನೆಯದಕ್ಕೆ ಅದೇ ಗೃಹೀತವನ್ನು ವಿಷಯದ ಹೆಸರೆತ್ತದೆ ಅಮೂರ್ತ ಮಾತಿನಲ್ಲಿ ಹೇಳಿದರಾಯಿತು.

ಈ ಹುಡುಕಾಟ ಪಶ್ಚಿಮದ ಪರೀಕ್ಷಾ ಮಂಡಳಿಗಳ ಸ್ವತ್ತೇನೂ ಅಲ್ಲ. ಹದಿನೇಳನೇ ಶತಮಾನದಲ್ಲಿ ಅನ್ನಂಭಟ್ಟ ರಚಿಸಿದ, ಸಂಸ್ಕೃತ ಪಾಠಶಾಲೆಗಳಲ್ಲಿ ಇಂದಿಗೂ ತರ್ಕದ ಮೊದಲ ಪಠ್ಯವಾಗಿರುವ ತರ್ಕಸಂಗ್ರಹವು ಹೊಗೆ ಮತ್ತು ಬೆಂಕಿಯ ಹಳೆಯ ಉದಾಹರಣೆಯ ಮೂಲಕ ಇದನ್ನೇ ವಿವರಿಸುತ್ತದೆ. ಬೆಟ್ಟದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿಯಿದೆ ಎಂದು ಊಹಿಸುವುದು ಸರಿಯಾದ ಅನುಮಾನ. ಅದನ್ನು ತಿರುಗಿಸಿ, ಬೆಂಕಿಯಿದೆ, ಆದ್ದರಿಂದ ಹೊಗೆಯಿದೆ ಎಂದರೆ ತಪ್ಪಾಗುತ್ತದೆ, ಏಕೆಂದರೆ ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿರುವುದಿಲ್ಲ. ಹೊಗೆ ಬರಬೇಕಾದರೆ ಬೆಂಕಿಯ ಜೊತೆಗೆ ಹಸಿ ಸೌದೆಯೂ ಕೂಡಬೇಕು. ವಾದಿ ಹೇಳದೆ ಬಿಟ್ಟ, ಆದರೆ ಫಲಕ್ಕೆ ಬೇಕೇ ಬೇಕಾದ ಈ ಹಸಿ ಸೌದೆಗೆ ನೈಯಾಯಿಕರು ಉಪಾಧಿ ಎಂದು ಹೆಸರಿಟ್ಟರು. ಹೊಗೆಯಿದ್ದಲ್ಲೆಲ್ಲ ಅದು ಇರುತ್ತದೆ, ಬೆಂಕಿಯಿದ್ದಲ್ಲೆಲ್ಲ ಇರುವುದಿಲ್ಲ. ಈ ಎರಡು ಲಕ್ಷಣಗಳಿಂದಲೇ ಉಪಾಧಿಯನ್ನು ಗುರುತಿಸಬೇಕು ಎಂಬುದು ಅವರ ನಿಯಮ. ವಿಕ್ಟೋರಿಯದ ವಾದದಲ್ಲಿಯೂ ಇಂಥದೊಂದು ಅಡಗಿದೆ: ಗಾಯಾಳುಗಳ ಇಳಿಕೆಯಿಂದ ಹೆಲ್ಮೆಟ್ಟಿನ ರಕ್ಷಣೆಯನ್ನು ಊಹಿಸಬೇಕಾದರೆ, ಸವಾರರ ಸಂಖ್ಯೆ ಮೊದಲಿನಷ್ಟೇ ಇತ್ತು ಎಂಬ ನಿಬಂಧನೆ ಬೇಕು. ಆಧುನಿಕ ಪರೀಕ್ಷೆ ಕೇಳುವುದು ಅದನ್ನೇ. ನೈಯಾಯಿಕರು ಮಾಡಿದ ಹೆಚ್ಚಿನ ಕೆಲಸವೆಂದರೆ ಆ ನಿಬಂಧನೆಯನ್ನು ಪತ್ತೆ ಹಚ್ಚಲು ಖಚಿತ ಅಳತೆಗೋಲನ್ನು ಕೊಟ್ಟಿದ್ದು.

ದೋಷಗಳ ಪಟ್ಟಿ ಮಾಡುವ ಆಸೆ ಹಳೆಯದು. ವಿತಂಡವಾದಿಗಳ ಖಂಡನೆಗೆಂದು ಬರೆದ ಕೃತಿಯಲ್ಲಿ ಅರಿಸ್ಟಾಟಲ್ 13 ದೋಷಗಳನ್ನು ಎಣಿಸಿದ, ಗೌತಮನ ನ್ಯಾಯಸೂತ್ರಗಳಲ್ಲಿ ಐದು ಹೇತ್ವಾಭಾಸಗಳೂ, ಅಂದರೆ ಕಾರಣದಂತೆ ತೋರಿ ಕಾರಣವಾಗದ ಮಾತುಗಳೂ, 22 ನಿಗ್ರಹಸ್ಥಾನಗಳೂ, ಅಂದರೆ ಚರ್ಚೆಯಲ್ಲಿ ಸೋಲೊಪ್ಪಬೇಕಾದ ಸಂದರ್ಭಗಳೂ ಇವೆ. ಕೋಚಿಂಗ್ ಕೇಂದ್ರಗಳ ಕೈಪಿಡಿಗಳು ಈ ಆಸೆಯನ್ನು ಮುಂದುವರಿಸಿ, ಲ್ಯಾಟಿನ್ ಹೆಸರುಗಳ ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತವೆ. ಅದರಿಂದ ಆಗುವ ಪ್ರಯೋಜನ ಅಲ್ಪ. ಎಲ್‌ಸ್ಯಾಟ್ ಆಗಲಿ ಕ್ಲಾಟ್ ಆಗಲಿ ಹೆಸರು ಹೇಳಿದವನಿಗೆ ಅಂಕ ಕೊಡುವುದಿಲ್ಲ. ‘ಒಂದು ಫಲಕ್ಕೆ ಅಗತ್ಯವಾದ ನಿಬಂಧನೆಯನ್ನು, ಆ ಫಲವನ್ನು ಖಚಿತಪಡಿಸುವ ನಿಬಂಧನೆಯೆಂದು ವಾದವು ಭಾವಿಸುತ್ತದೆ’ ಎಂಬಂಥ ಒಣ ವಾಕ್ಯವನ್ನು ಕೊಟ್ಟು, ಅದು ಕಣ್ಣೆದುರಿನ ವಾದಕ್ಕೆ ಹೊಂದುತ್ತದೆಯೇ ಎಂದು ಕೇಳುತ್ತವೆ. ಪದವೀಧರರು ಮಾತ್ರ ಅರ್ಜಿ ಹಾಕಬಹುದು ಎಂಬ ನಿಯಮವಿದ್ದಾಗ, ಈಕೆ ಪದವೀಧರೆ, ಆದ್ದರಿಂದ ಅರ್ಹಳು ಎನ್ನುವುದು ಈ ದೋಷದ ಸರಳ ರೂಪ. ಪದವಿ ಬೇಕು ಎಂದರೆ ಪದವಿ ಸಾಕು ಎಂದಲ್ಲ, ವಯಸ್ಸಿನ ಮಿತಿಯೋ ಅನುಭವದ ಷರತ್ತೋ ಇನ್ನೂ ಇರಬಹುದು. ಬಿಡಿಯಾಗಿ ಕೊಟ್ಟರೆ ಯಾರಿಗೂ ತಪ್ಪದ ಈ ಮಾತು, ಕ್ಲಾಟ್‌ನ ಸುಮಾರು 450 ಪದಗಳ ಗದ್ಯದಲ್ಲಿ ಎರಡು ಪ್ಯಾರಾಗಳ ಅಂತರದಲ್ಲಿ ಹಂಚಿಹೋದಾಗ ಕಣ್ತಪ್ಪಿಸುತ್ತದೆ.

ಮಾದರಿಯ ದೋಷವೂ ಹೀಗೆ ಬೇಗ ಅರ್ಥವಾಗುವಂಥದು. ಇಡೀ ಸಮೂಹದ ಬಗ್ಗೆ ಹೇಳುವುದಕ್ಕಾಗಿ ಅದರ ಒಂದು ಭಾಗವನ್ನು ವಿಚಾರಿಸಿದಾಗ, ಆ ಭಾಗ ಇಡಿಯನ್ನು ಪ್ರತಿನಿಧಿಸುತ್ತದೆ ಎಂಬುದು ಗೃಹೀತ. 1936 ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮೊದಲು ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಪತ್ರ ಕಳಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಪಡೆದು, ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುವುದಾಗಿ ಸಾರಿತು. ಫ್ರಾಂಕ್ಲಿನ್ ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ನ್ನು ಗೆದ್ದರು. ವಿಳಾಸಗಳನ್ನು ದೂರವಾಣಿ ಮತ್ತು ಕಾರು ನೋಂದಣಿಯ ಪಟ್ಟಿಗಳಿಂದ ತೆಗೆದಿದ್ದರಿಂದ ಬಡವರು ಹೊರಗುಳಿದಿದ್ದರು, ಪತ್ರ ತಲಪಿದವರಲ್ಲಿಯೂ ಉತ್ತರಿಸುವ ಶ್ರಮ ತೆಗೆದುಕೊಂಡವರು ನಾಲ್ಕನೇ ಒಂದು ಭಾಗದಷ್ಟು ಮಾತ್ರ. ಸಂಖ್ಯೆ ದೊಡ್ಡದಿದ್ದ ಮಾತ್ರಕ್ಕೆ ಮಾದರಿ ಸರಿಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದುಬಾರಿಯಾದ ಪಾಠ ಪತ್ರಿಕೋದ್ಯಮದ ಚರಿತ್ರೆಯಲ್ಲಿ ವಿರಳ.

ಅಂಕಿಗಳ ವಾದದಲ್ಲಿ ಇನ್ನೂ ಸೂಕ್ಷ್ಮವಾದದ್ದು ಒಟ್ಟು ಲೆಕ್ಕ ಮತ್ತು ಬಿಡಿ ಲೆಕ್ಕಗಳ ವಿರೋಧ. 1973 ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್‌ಲಿ ಶಾಖೆಯ ಸ್ನಾತಕೋತ್ತರ ವಿಭಾಗಗಳಿಗೆ 8,442 ಪುರುಷರೂ 4,321 ಮಹಿಳೆಯರೂ ಅರ್ಜಿ ಹಾಕಿದ್ದರು. ಪುರುಷರಲ್ಲಿ ಸುಮಾರು ಶೇಕಡಾ 44 ಮಂದಿಗೆ, ಮಹಿಳೆಯರಲ್ಲಿ ಶೇಕಡಾ 35 ಮಂದಿಗೆ ಪ್ರವೇಶ ಸಿಕ್ಕಿತು. ಈ ಅಂತರ ಆಕಸ್ಮಿಕವೆನ್ನಲಾಗದಷ್ಟು ದೊಡ್ಡದು, ಆದ್ದರಿಂದ ಪ್ರವೇಶ ಸಮಿತಿಗಳು ಮಹಿಳೆಯರ ವಿರುದ್ಧ ಪಕ್ಷಪಾತ ಮಾಡಿವೆ ಎಂಬ ವಾದದಲ್ಲಿ ಆಧಾರ ನಿಜ, ಲೆಕ್ಕ ನಿಜ, ಮಾದರಿಯ ತಂಟೆಯಿಲ್ಲ. ಆದರೂ ಸಂಖ್ಯಾಶಾಸ್ತ್ರಜ್ಞ ಪೀಟರ್ ಬಿಕೆಲ್ ಮತ್ತು ಅವರ ಸಹೋದ್ಯೋಗಿಗಳು 1975 ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ತೋರಿಸಿದಂತೆ, ವಿಭಾಗವಾರು ಬಿಡಿಸಿ ನೋಡಿದರೆ ಆ ಅಂತರ ಬಹುಮಟ್ಟಿಗೆ ಕಾಣೆಯಾಗುತ್ತಿತ್ತು. ಅತಿ ದೊಡ್ಡ ವಿಭಾಗಗಳಲ್ಲೊಂದರಲ್ಲಿ ಅರ್ಜಿ ಹಾಕಿದ 825 ಪುರುಷರಲ್ಲಿ ಶೇಕಡಾ 62 ಮಂದಿಗೆ ಪ್ರವೇಶ ದೊರೆತಿದ್ದರೆ, 108 ಮಹಿಳೆಯರಲ್ಲಿ ಶೇಕಡಾ 82 ಮಂದಿಗೆ ದೊರೆತಿತ್ತು. ಮಹಿಳೆಯರು ಹೆಚ್ಚಾಗಿ ಅರ್ಜಿ ಹಾಕಿದ್ದು ಗಂಡು ಹೆಣ್ಣೆನ್ನದೆ ಹೆಚ್ಚಿನವರನ್ನು ತಿರಸ್ಕರಿಸುವ, ಸೀಟು ಕಡಿಮೆಯಿರುವ ವಿಭಾಗಗಳಿಗೆ. ಒಟ್ಟು ಲೆಕ್ಕದ ಅಂತರ ಹುಟ್ಟಿದ್ದು ಅಲ್ಲಿಂದ. ಮೂಲ ವಾದದ ಗೃಹೀತ, ಪುರುಷರೂ ಮಹಿಳೆಯರೂ ಸಮಾನ ಕಠಿಣತೆಯ ವಿಭಾಗಗಳಿಗೆ ಅರ್ಜಿ ಹಾಕಿದ್ದಾರೆ ಎಂಬುದಾಗಿತ್ತು, ಅದು ವಾದದ ಒಂದು ಪದದಲ್ಲಿಯೂ ಇರಲಿಲ್ಲ. ಇಲ್ಲಿಂದ ಮುಂದಕ್ಕೆ ಜಿಗಿದು, ಹಾಗಾದರೆ ತಾರತಮ್ಯವೇ ಇರಲಿಲ್ಲ ಎನ್ನುವವರ ವಾದವೂ ಅಷ್ಟೇ ಸಡಿಲ: ಮಹಿಳೆಯರು ಆ ವಿಭಾಗಗಳತ್ತಲೇ ಸಾಗುವಂತೆ ಶಾಲೆಯೂ ಸಮಾಜವೂ ಮೊದಲೇ ಮಾಡಿರಬಹುದು ಎಂಬ ಸಾಧ್ಯತೆಯನ್ನು ಲೇಖಕರೇ ಎತ್ತಿದ್ದರು. ದುರ್ಬಲ ವಾದವೊಂದನ್ನು ಮುರಿದವನು ಅದರ ವಿರುದ್ಧ ತೀರ್ಮಾನವನ್ನು ಸಾಧಿಸಿದಂತಾಗುವುದಿಲ್ಲ ಎಂಬುದನ್ನು ಪರೀಕ್ಷೆ ಬರೆಯುವವರಿಗಿಂತ ದೂರದರ್ಶನದ ಚರ್ಚೆಗಳಲ್ಲಿ ಕೂರುವವರು ಹೆಚ್ಚಾಗಿ ಮರೆಯುತ್ತಾರೆ.

ಕಾನೂನು ಶಿಕ್ಷಣದ ಬಾಗಿಲಲ್ಲಿ ಇಂಥ ಪರೀಕ್ಷೆ ಏಕೆ ನಿಂತಿದೆ ಎಂಬುದಕ್ಕೆ ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಪ್ರಕರಣವೊಂದೇ ಸಾಕಷ್ಟು ಉತ್ತರ ಕೊಡುತ್ತದೆ. ಸ್ವತಃ ಸಾಲಿಸಿಟರ್ ಆಗಿದ್ದ ಕ್ಲಾರ್ಕ್ ಅವರ ಇಬ್ಬರು ಗಂಡುಕೂಸುಗಳು ಬೇರೆ ಬೇರೆ ಸಮಯದಲ್ಲಿ, ಹುಟ್ಟಿದ ಕೆಲವೇ ವಾರಗಳಲ್ಲಿ ತೀರಿಕೊಂಡವು. ಅವನ್ನು ಕೊಂದ ಆರೋಪದ ಮೇಲೆ 1999 ರ ನವೆಂಬರ್‌ನಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ವಿಚಾರಣೆಯಲ್ಲಿ ಮಕ್ಕಳ ವೈದ್ಯ ರಾಯ್ ಮೆಡೋ, ಇಂಥ ಕುಟುಂಬದಲ್ಲಿ ಒಂದು ಶಿಶು ಕಾರಣ ತಿಳಿಯದೆ ತೊಟ್ಟಿಲಲ್ಲಿಯೇ ಸಾಯುವ ಸಂಭವ 8,543 ರಲ್ಲಿ ಒಂದು, ಆದ್ದರಿಂದ ಎರಡು ಶಿಶುಗಳು ಹಾಗೆ ಸಾಯುವ ಸಂಭವ ಸುಮಾರು 7.3 ಕೋಟಿಯಲ್ಲಿ ಒಂದು ಎಂದು ಸಾಕ್ಷ್ಯ ನುಡಿದರು. ಎರಡನೆಯ ಅಂಕಿ ಮೊದಲನೆಯದನ್ನು ಅದರಿಂದಲೇ ಗುಣಿಸಿ ಪಡೆದದ್ದು.

ಪರೀಕ್ಷೆಯ ಕಟ್ಟಳೆಯಂತೆ 8,543 ಎಂಬ ಅಂಕಿಯನ್ನು ಪ್ರಶ್ನಿಸದೆ ಒಪ್ಪಿಕೊಂಡರೂ ಈ ವಾದ ನಿಲ್ಲುವುದಿಲ್ಲ. ಎರಡು ಸಂಭವಗಳನ್ನು ಗುಣಿಸಬೇಕಾದರೆ ಒಂದರ ಮೇಲೆ ಇನ್ನೊಂದರ ಪ್ರಭಾವ ಇರಬಾರದು. ಒಂದೇ ತಾಯಿತಂದೆಗೆ ಹುಟ್ಟಿ, ಒಂದೇ ಮನೆಯಲ್ಲಿದ್ದ ಎರಡು ಕೂಸುಗಳಿಗೆ ವಂಶವಾಹಿಗಳೂ ಪರಿಸರವೂ ಸಮಾನವಾಗಿರುವಾಗ, ಒಂದು ಸಾವಿನ ನಂತರ ಇನ್ನೊಂದರ ಸಂಭವ ಹೆಚ್ಚಿರುವುದಕ್ಕೇ ಅವಕಾಶ. ಸಾವುಗಳು ಪರಸ್ಪರ ಸ್ವತಂತ್ರ ಎಂಬ ಗೃಹೀತವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಗುಣಾಕಾರವೇ ಅದನ್ನು ಹೊತ್ತು ತಂದಿತು. ಇದಕ್ಕಿಂತ ಆಳದಲ್ಲಿ ಇನ್ನೊಂದು ದೋಷವಿತ್ತು. 7.3 ಕೋಟಿಯ ಅಂಕಿಯೂ ಸರಿ ಎಂದೇ ಇಟ್ಟುಕೊಂಡರೂ, ಅದು ಎರಡು ಸಹಜ ಸಾವುಗಳು ಎಷ್ಟು ಅಪರೂಪ ಎಂದು ಹೇಳುತ್ತದೆಯೇ ಹೊರತು, ಆಕೆ ನಿರಪರಾಧಿಯಾಗಿರುವ ಸಂಭವ ಎಷ್ಟು ಎಂದು ಹೇಳುವುದಿಲ್ಲ. ತಾಯಿಯೊಬ್ಬಳು ತನ್ನ ಎರಡು ಹಸುಗೂಸುಗಳನ್ನು ಒಂದಾದ ಮೇಲೊಂದರಂತೆ ಕೊಲ್ಲುವುದೂ ಅತ್ಯಂತ ಅಪರೂಪವೇ. ಎರಡು ಅಪರೂಪಗಳಲ್ಲಿ ಯಾವುದು ಹೆಚ್ಚು ಅಪರೂಪ ಎಂಬ ಹೋಲಿಕೆ ನಡೆಯದೆ ಒಂದರ ಅಂಕಿಯಿಂದ ಏನೂ ಸಿದ್ಧವಾಗುವುದಿಲ್ಲ. ಅಪರಾಧ ವಿಚಾರಣೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದರಿಂದ ಈ ದೋಷಕ್ಕೆ ಅಭಿಯೋಜಕರ ಹೆಸರೇ ಅಂಟಿಕೊಂಡಿದೆ. 2001 ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ ಸಾರ್ವಜನಿಕ ಹೇಳಿಕೆ ಹೊರಡಿಸಿ, ಆ ಲೆಕ್ಕಕ್ಕೆ ಸಂಖ್ಯಾಶಾಸ್ತ್ರದ ಆಧಾರವಿಲ್ಲ ಎಂದು ತಿಳಿಸಿತು.

ಆಧಾರಗಳನ್ನು ಒಪ್ಪಿಕೊಂಡು ಗೃಹೀತಗಳನ್ನು ಹುಡುಕುವ ಅಭ್ಯಾಸವಿದ್ದವರಿಗೆ ಈ ಎರಡು ದೋಷಗಳೂ ಕಾಣಬೇಕಾಗಿತ್ತು. ನ್ಯಾಯಾಲಯದಲ್ಲಿದ್ದ ವಕೀಲರಿಗೂ ನ್ಯಾಯಾಧೀಶರಿಗೂ ಅವು ಆಗ ಬೇಕಾದಷ್ಟು ಸ್ಪಷ್ಟವಾಗಿ ಕಾಣಲಿಲ್ಲ. 2000 ರ ಮೊದಲ ಮೇಲ್ಮನವಿಯಲ್ಲಿ ಅಂಕಿಯ ಕೊರತೆ ಚರ್ಚೆಗೆ ಬಂದರೂ ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತು. 2003 ರ ಜನವರಿಯಲ್ಲಿ ಎರಡನೆಯ ಮೇಲ್ಮನವಿ ಶಿಕ್ಷೆಯನ್ನು ರದ್ದುಗೊಳಿಸಿದಾಗ, ಅಂಕಿಯ ಬಗ್ಗೆ ನ್ಯಾಯಮೂರ್ತಿಗಳು ಕಟುವಾಗಿ ಮಾತನಾಡಿದ್ದರೂ, ಬಿಡುಗಡೆಗೆ ಮುಖ್ಯ ಕಾರಣವಾದದ್ದು ಬೇರೊಂದು ಸಂಗತಿ. ಎರಡನೆಯ ಮಗುವಿನ ಶವಪರೀಕ್ಷೆಯ ಕಾಲದಲ್ಲಿ ನಡೆದ ಸೂಕ್ಷ್ಮಜೀವಿ ಪರೀಕ್ಷೆಗಳಲ್ಲಿ, ಸೋಂಕಿನಿಂದ ಸಾವು ಸಂಭವಿಸಿರಬಹುದೆಂದು ಸೂಚಿಸುವ ಬ್ಯಾಕ್ಟೀರಿಯ ಪತ್ತೆಯಾಗಿತ್ತು. ಆ ವರದಿಯನ್ನು ಪ್ರತಿವಾದಿಯ ವಕೀಲರಿಗೆ ಕೊಟ್ಟಿರಲಿಲ್ಲ, ತೀರ್ಪುಗಾರರ ಮುಂದೆ ಇಟ್ಟಿರಲಿಲ್ಲ. ವಿಚಾರಣೆಯಲ್ಲಿ ನುಡಿದ ವಾದಗಳನ್ನು ಎಷ್ಟೇ ಸೂಕ್ಷ್ಮವಾಗಿ ಓದಿದ್ದರೂ ಅದರ ಸುಳಿವು ಸಿಗುವಂತಿರಲಿಲ್ಲ. ಅದು ಹೊರಬಂದದ್ದು ಶಿಕ್ಷೆಯಾದ ಮೇಲೆ, ಆಸ್ಪತ್ರೆಯ ದಾಖಲೆಗಳನ್ನು ಕೇಳಿ ತರಿಸಿ ಪುಟಪುಟವಾಗಿ ಪರಿಶೀಲಿಸಿದಾಗ.